ಬೆಚ್ಚಗಿನ ಅಚ್ಚು

ಅಕ್ಕನ ಮಗಳ ಮದುವೆ ಹಾರವನ್ನು, ಎರೆದ ಮೇಲೆ ಗಾಜಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಕೊಡುತ್ತಾರೆಂದು ಕೇಳಿ, ಹೋದ ವಾರ ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಎಪಾಕ್ಸಿಯ ಘಾಟು ಮೂಗಿಗೆ ಬಡಿಯಿತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಮ ನೆನಪಾದರು...

ಕಾರ್ಖಾನೆಯಲ್ಲಿ ಅಚ್ಚು ಮಾಡುತ್ತಾ ನಿವೃತ್ತರಾದವರು. ಮನೆಯಲ್ಲೂ ಸುಮ್ಮನೆ ಕೂರುವ ಪೈಕಿಯಲ್ಲ. ಅವರ ಹೆಂಡತಿಗೆ, ನಾವೆಲ್ಲ ಅತ್ತೆ ಎನ್ನುತ್ತಿದ್ದೆವು, ಲಕ್ವ ಹೊಡೆದು ಬಲಗೈ ಸೋತಿತ್ತು. ಹಿಡಿದ ಚಮಚ ಜಾರುತ್ತಿತ್ತು. ಯಾರಾದರೂ ತಿನ್ನಿಸಲು ಬಂದರೆ ಬಾಯಿ ಬಿಗಿದುಕೊಳ್ಳುತ್ತಿದ್ದರು. "ಹೋಗೋದ್ರೊಳಗೆ ನನ್ ಕೈಯಾರೆ ಉಣ್ಬೇಕು" ಎಂಬುದೊಂದೇ ಹಟ.

ಚಮಚಕ್ಕೆ ಆಕೆಯ ಮುಷ್ಟಿಗೆ ಹೊಂದುವ ಹಿಡಿ ಮಾಡಲು ಮಾಮ ಹೊರಟರು. ಮೇಣದ ಉಂಡೆಯನ್ನು ಆಕೆಯ ಕೈಯಲ್ಲಿ ಒತ್ತಿಸಿ, ಅದರ ಸುತ್ತ ಎರಡು ಹೋಳಿನ ಎಪಾಕ್ಸಿ ಅಚ್ಚು ಎರೆದರು. ಮಳೆಗಾಲದ ಥಂಡಿಗೆ ಅದು ಗಟ್ಟಿಯಾಗಲೇ ಇಲ್ಲ. ಇತ್ತ ಆಕೆಯ ಕೈ ದಿನದಿನಕ್ಕೆ ಸೋಲುತ್ತಿತ್ತು. ತಾಳ್ಮೆಗೆಟ್ಟ ಮಾಮ ಅಚ್ಚನ್ನು ಬಚ್ಚಲ ಒಲೆಯ ಕಟ್ಟೆಯ ಮೇಲಿಟ್ಟರು. ಒಳಗಿನ ಮೇಣ ಕರಗಿ ಬೆರಳ ಗುರುತೆಲ್ಲ ಅಳಿಸಿಹೋಯಿತು.

"ಇಷ್ಟ್ ವರ್ಷ ಕಾರ್ಖಾನೇಲಿ ಇದನ್ನೇ ಮಾಡಿದ್ರಾ ಮಾರಾಯ್ರೆ?" ಎಂದು ಅತ್ತೆ ಸೊಟ್ಟ ಬಾಯಲ್ಲೇ ನಕ್ಕರು. ಮಾಮ ನಗಲಿಲ್ಲ. ಎರಡನೆಯ ಸಲ ಮೇಣ ಕೊಟ್ಟಾಗ ಆಕೆಯ ಬೆರಳುಗಳು ಅರ್ಧ ಮಡಚಿ ನಿಂತುಬಿಟ್ಟವು. ಉಳಿದರ್ಧವನ್ನು ಮಾಮ ತಮ್ಮ ಕೈ ಮೇಲಿಟ್ಟು ಒತ್ತಿಸಿದರು. ಅದನ್ನು ನೋಡಲಾಗದೆ ನಾನು ಹೊರಗೆ ಬಂದೆ.

ಈ ಸಲ ರಟ್ಟಿನ ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಉರಿಸಿ, ಅಚ್ಚನ್ನು ಅದರಿಂದ ದೂರಕ್ಕಿಟ್ಟು, ಆಗಾಗ ಕೈ ಹಾಕಿ ನೋಡುತ್ತಾ ಕೂತರು. "ಸುಡಬಾರ್ದು, ಬೆಚ್ಚಗಿರ್ಬೇಕು ಅಷ್ಟೆ. ಮಗು ಮೈ ಇದ್ದಂಗೆ" ಎಂದು ನನಗೂ ಮುಟ್ಟಿಸಿದರು. ಮಾರನೆಯ ದಿನಕ್ಕೆ ಅಚ್ಚು ಕಲ್ಲಾಗಿತ್ತು. ಅದರಲ್ಲಿ ರಬ್ಬರಿನ ಹಿಡಿ ಎರೆದು ಚಮಚಕ್ಕೆ ಸಿಕ್ಕಿಸಿದರು. ಅತ್ತೆ ಯಾರನ್ನೂ ಹತ್ತಿರ ಬಿಡದೆ, ಅರ್ಧ ಸೀರೆ ಮೇಲೆ ಚೆಲ್ಲಿಕೊಂಡು, ಸಾರನ್ನ ಉಂಡರು. ಹಾಗೆ ಉಂಡಿದ್ದು ಕೆಲವೇ ದಿನ...

ಆಕೆ ಹೋದ ಮೇಲೆ ಒಂದು ಸಂಜೆ ಹೋದರೆ ಪೆಟ್ಟಿಗೆಯಲ್ಲಿ ಬಲ್ಬು ಉರಿಯುತ್ತಿತ್ತು. ಇನ್ನೇನು ಎರೆದಿದ್ದೀರಿ ಎಂದು ಕೇಳಿದೆ. ಮಾಮ ಅದರೊಳಗಿಂದ ಹಳೆಯ ಅಚ್ಚಿನ ಒಂದು ಹೋಳನ್ನು ತೆಗೆದು ನನ್ನ ಕೈಗಿಟ್ಟರು. ಮೇಣದಲ್ಲಿ ತಗ್ಗಾಗಿದ್ದ ಬೆರಳ ಗುರುತುಗಳು ಅಚ್ಚಿನಲ್ಲಿ ಉಬ್ಬಿ ನಿಂತಿದ್ದವು. ಥೇಟ್ ಅತ್ತೆಯ ಬೆರಳುಗಳೇ.

"ತಣ್ಣಗಿದ್ರೆ ಹಿಡ್ಕೊಳ್ಳಕ್ಕಾಗಲ್ಲ ಕಣೋ" ಎಂದರು.

ಮಾಮನೂ ಈಗಿಲ್ಲ. ಆ ಅಚ್ಚು ಯಾರ ಕೈ ಸೇರಿತೋ, ಕೇಳುವ ಧೈರ್ಯ ನನಗಾಗಲಿಲ್ಲ. ಅಂಗಡಿಯ ಹೆಂಗಸು ಬಲ್ಬು ಉರಿಯುತ್ತಿದ್ದ ಪೆಟ್ಟಿಗೆಯಿಂದ ಯಾರದೋ ಹಾರ ತೆಗೆದು, "ಮುಟ್ ನೋಡಿ ಸಾರ್, ಗಟ್ಟಿಯಾಗಿದೆ" ಎಂದರು. ಮುಟ್ಟಿದೆ. ಬೆಚ್ಚಗಿತ್ತು. ಕೈ ತೆಗೆಯಲು ಮನಸ್ಸು ಬರಲಿಲ್ಲ.