ಚಕ್ರಕ್ಕೆ ಹಚ್ಚಿದ ಹರಳೆಣ್ಣೆ

ನನಗೆ ಕೊಳೆ ಕಂಡರೆ ಆಗದು. ಈಗ ಕೈಲಾಗದಿದ್ದರೂ ಬಾಯಿ ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಮೂಲೆಯ ಕಸದ ಕಡೆಗೆ. ಜಂಗಮಕೋಟೆಯ ತವರಿನಲ್ಲಿ ರೇಷ್ಮೆಹುಳು ಸಾಕುವ ತಟ್ಟೆಗಳನ್ನು ನನ್ನಷ್ಟು ಚೊಕ್ಕಟವಾಗಿ ತೊಳೆಯುವವರು ಇಲ್ಲವೆಂದು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆ ತಲೆಗೇರಿತು. ಅದೇ ಚೊಕ್ಕಟದ ಹುಚ್ಚಿನಲ್ಲಿ ನಾನು ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆ. ಅದನ್ನು ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಐವತ್ತರ ದಶಕದ ನಡುವೆ ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದೆ. ನಮ್ಮ ಯಜಮಾನರದು ರೇಷ್ಮೆ ನೂಲಿನ ವ್ಯಾಪಾರ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಎಂದು ವಾರವೆಲ್ಲ ಓಡಾಟ. ಅದಕ್ಕೆಂದು ಬೆಂಗಳೂರಿನಲ್ಲಿ ಯಾರೋ ಇಂಗ್ಲಿಷ್ ದೊರೆ ಮಾರಿಹೋದ ಹಳೆಯ ಕಾರೊಂದನ್ನು ತಂದಿದ್ದರು. ಮೈಯೆಲ್ಲ ಕಪ್ಪು, ಚಕ್ರ ಮಾತ್ರ ಕೆನೆ ಬಣ್ಣ. ನಮ್ಮ ಬೀದಿಗೆಲ್ಲ ಅದೊಂದೇ ಕಾರು. ನನಗೋ, ಹೊಸ ಸೊಸೆ, ಅದರಲ್ಲಿ ಕೂತು ಹೋಗುವಾಗ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು.

ಕಾರು ಓಡಿಸುತ್ತಿದ್ದವರು ಕೆಂಚಾರ್ಲಹಳ್ಳಿ ಕಡೆಯವರು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವರು, ನನ್ನ ಅಪ್ಪನ ವಯಸ್ಸಿನವರು. ನಾನು ಅವರನ್ನು ‘ಡ್ರೈವರಪ್ಪ’ ಎನ್ನುತ್ತಿದ್ದೆ. ಅಪ್ಪ ಅಂದರೂ ಮಾತಾಡಿಸುತ್ತಿದ್ದುದು ಏಕವಚನದಲ್ಲೇ. ಆ ಮನೆಯ ರೂಢಿ ಹಾಗಿತ್ತು. ಈಗ ಹಾಗೆ ಬರೆಯಲು ಮನಸ್ಸು ಬರುವುದಿಲ್ಲ.

ನನಗೂ ಅವರಿಗೂ ಜಗಳವೆಂದರೆ ಚಕ್ರದ ಮಸಿಯದ್ದೇ. ಒಂದು ಪ್ರಯಾಣ ಮುಗಿಸಿ ಬಂದರೆ ಸಾಕು, ಆ ಕೆನೆ ಬಣ್ಣದ ಮೇಲೆ ಕಾಡಿಗೆಯಷ್ಟು ನುಣ್ಣಗಿನ ಕಪ್ಪು ಪುಡಿ. ರಸ್ತೆಯ ಕೆಮ್ಮಣ್ಣಾದರೆ ನೀರು ಹಾಕಿದರೆ ಹೋಗುತ್ತದೆ. ಇದು ಹೋಗುತ್ತಿರಲಿಲ್ಲ. ಇಳಿಯುವಾಗ ಸೀರೆಯ ಅಂಚಿಗೆ ತಾಗಿದರೆ ಆ ಸೀರೆಯ ಕತೆ ಮುಗಿದಂತೆಯೇ.

"ಇದೇನು ಕಾರೋ ಸೌದೆ ಒಲೆಯೋ? ದಿನಾ ಮಸಿ!" ಎಂದು ನಾನು ರೇಗುತ್ತಿದ್ದೆ.

"ಒಲೆ ಅಲ್ಲಮ್ಮ, ಬ್ರೇಕು," ಎನ್ನುತ್ತಿದ್ದರು ಅವರು, ನಗುತ್ತಲೇ. "ಒಳಗಡೆ ಡ್ರಮ್ಮು ಅಂತ ಐತೆ. ಬ್ರೇಕ್ ತುಳಿದ್ರೆ ಪಟ್ಟಿ ಹೋಗಿ ಅದನ್ನ ಹಿಡ್ಕೊಳ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೀತದೆ, ಪುಡಿ ಉದುರ್ತದೆ. ಪುಡಿ ಬೀಳ್ತಾ ಐತೆ ಅಂದ್ರೆ ಬ್ರೇಕು ಹಿಡೀತಾ ಐತೆ ಅಂತ ಅರ್ಥ ಕಣಮ್ಮ."

ಅವರಿಗೆ ಆ ಪುಡಿ ಕಡಿಮೆ ಮಾಡುವ ವಿದ್ಯೆಯೂ ಗೊತ್ತಿತ್ತು. ನಂದಿಬೆಟ್ಟಕ್ಕೆ ನೆಂಟರನ್ನು ಕರೆದುಕೊಂಡು ಹೋದಾಗ ಇಳಿಯುವ ದಾರಿಯುದ್ದಕ್ಕೂ ಗೇರಿನಲ್ಲೇ ಕಾರನ್ನು ಹಿಡಿದಿಟ್ಟು, ಬ್ರೇಕನ್ನು ಆಗೊಮ್ಮೆ ಈಗೊಮ್ಮೆ ಮುಟ್ಟಿ ಬಿಡುತ್ತಿದ್ದರು. ಎದುರಿಗೆ ದನ ಕಂಡರೆ ಫರ್ಲಾಂಗು ದೂರದಿಂದಲೇ ವೇಗ ಇಳಿಸುತ್ತಿದ್ದರು. "ಕೊನೇಗಳಿಗೇಲಿ ತುಳಿಯೋನು ಡ್ರೈವರಲ್ಲ," ಎನ್ನುವುದು ಅವರ ಮಾತು. ಬಂದ ಮೇಲೆ ಚಕ್ರ ಆರುವ ತನಕ ನೀರು ಸೋಕಿಸುತ್ತಿರಲಿಲ್ಲ. ಆಮೇಲೆ ಒದ್ದೆ ಬಟ್ಟೆಯಲ್ಲಿ ಮೊದಲು ಮಸಿ ತೆಗೆದು, ತೆಂಗಿನ ನಾರಿನಿಂದ ಸಂದುಗೊಂದಿ ಉಜ್ಜಿ, ಕೊನೆಗೆ ಒಣಬಟ್ಟೆ. ಚಕ್ರಕ್ಕೆಂದು ಇಟ್ಟ ಬಟ್ಟೆಯನ್ನು ಕಾರಿನ ಮೈಗೆ ಸೋಕಿಸುತ್ತಿರಲಿಲ್ಲ. ಹಬ್ಬ ಹರಿದಿನಕ್ಕೆ ಚಕ್ರ ಕಳಚಿ, ಡ್ರಮ್ಮು ಬಿಚ್ಚಿ ಒಳಗೂ ಒರೆಸುತ್ತಿದ್ದರು. ಇಷ್ಟಾದರೂ ನನಗೆ ಸಮಾಧಾನವಿಲ್ಲ. ಮಾರನೆಯ ದಿನ ಮತ್ತೆ ಮಸಿ, ಮತ್ತೆ ನನ್ನ ಗೊಣಗಾಟ.

ಆ ವರ್ಷ ಅವರಿಗೆ ಒಂದು ಆಸೆ ಹುಟ್ಟಿತ್ತು. ಚಿಂತಾಮಣಿಯ ಬಸ್ಸಿನ ಮಾಲೀಕರೊಬ್ಬರು ಹೊಸ ಬಸ್ಸು ಬಿಡುವವರಿದ್ದರು. ಅದು ಅವರ ಊರಿನ ಮೇಲೇ ಹೋಗುವ ಬಸ್ಸು. ಮಾಲೀಕರಿಗೂ ನಮ್ಮ ಯಜಮಾನರಿಗೂ ಚೆನ್ನಾಗಿ ಪರಿಚಯ. "ಸ್ವಾಮಿಗಳು ಒಂದು ಮಾತು ಹೇಳಿದ್ರೆ ಆಗೋಗ್ತದಮ್ಮ. ದಿನಾ ಮನೇಗೆ ಹೋಗಿ ಉಣ್ಣಬಹುದು," ಎಂದು ನನ್ನ ಹತ್ತಿರ ಹೇಳಿಕೊಂಡಿದ್ದರು. ಯಜಮಾನರೂ ಒಪ್ಪಿದ್ದರು. ದೀಪಾವಳಿ ಕಳೆಯಲಿ, ನಾನೇ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ ಎಂದಿದ್ದರು.

ನರಕ ಚತುರ್ದಶಿಯ ಬೆಳಗ್ಗೆ ನಾವೆಲ್ಲ ಕಾರಿನಲ್ಲಿ ನನ್ನ ತವರಿಗೆ ಹೊರಡುವುದಿತ್ತು. ಡ್ರೈವರಪ್ಪ ಬೇಗ ಬಂದು ಮುಂದಿನ ಬಲಗಡೆಯ ಚಕ್ರ ಕಳಚಿ, ಡ್ರಮ್ಮು ಬಿಚ್ಚಿ ಒರೆಸುತ್ತಿದ್ದರು. ಅಷ್ಟರಲ್ಲಿ ನನ್ನ ಅತ್ತೆ ಹಿತ್ತಲಿನಿಂದ ಕೂಗಿದರು. ಆ ದಿನ ನಮ್ಮ ಮನೆಯಲ್ಲಿ ಆಳುಕಾಳಿಗೂ ಅತ್ತೆಯೇ ನೆತ್ತಿಗೆ ಹರಳೆಣ್ಣೆ ಇಟ್ಟು, ಹಂಡೆಯ ಬಿಸಿನೀರು ಕೊಡಿಸುತ್ತಿದ್ದರು. ಎಣ್ಣೆ ಇಟ್ಟುಕೊಳ್ಳದೆ ಯಾರೂ ಹೊಸ್ತಿಲು ದಾಟುವ ಹಾಗಿರಲಿಲ್ಲ.

"ಅದನ್ನ ಮುಟ್ಟಬೇಡೀಮ್ಮ, ಬಂದೆ," ಎಂದು ಹೇಳಿ ಅವರು ಹಿತ್ತಲಿಗೆ ಹೋದರು.

ಮುಟ್ಟಬೇಡ ಎಂದರೆ ನನಗೆ ಕೈ ಕಡಿಯುತ್ತದೆ. ಬಗ್ಗಿ ನೋಡಿದೆ. ಓಹೋ, ಮಸಿಯ ಗೂಡು ಇಲ್ಲಿದೆ ಅನಿಸಿತು. ತವರಿನಲ್ಲಿ ಹಬ್ಬವೆಂದರೆ ಮೊದಲು ಎತ್ತಿನ ಗಾಡಿಗೆ ಪೂಜೆ. ಚಕ್ರ ತೊಳೆದು, ಅಚ್ಚಿಗೆ ಹರಳೆಣ್ಣೆ ಹಾಕಿದರೆ ಗಾಡಿ ಕಿರುಗುಟ್ಟದೆ, ಸವೆಯದೆ ಓಡುತ್ತಿತ್ತು. ಉಜ್ಜಿ ಉಜ್ಜಿ ಪುಡಿ ಉದುರುತ್ತದೆ ಎಂದು ಡ್ರೈವರಪ್ಪನೇ ಹೇಳಿದ್ದರಲ್ಲ? ಎಣ್ಣೆ ಹಚ್ಚಿದರೆ ಉಜ್ಜುವುದಿಲ್ಲ, ಉಜ್ಜದಿದ್ದರೆ ಪುಡಿಯಿಲ್ಲ. ಇಷ್ಟು ಸಣ್ಣ ವಿಷಯ ಈ ಗಂಡಸಿಗೆ ಹೊಳೆಯಲಿಲ್ಲವಲ್ಲ ಎಂದು ನಗುವೇ ಬಂತು. ದೇವರ ಮುಂದಿದ್ದ ಎಣ್ಣೆ ಬಟ್ಟಲು ತಂದು, ಪಟ್ಟಿಗೂ ಡ್ರಮ್ಮಿನ ಒಳಮೈಗೂ ತೆಳ್ಳಗೆ ಸವರಿ, ಮಿಕ್ಕದ್ದನ್ನು ಬಟ್ಟೆಯಲ್ಲಿ ಒರೆಸಿದೆ. ನಮ್ಮ ಜೊತೆಗೆ ಕಾರಿಗೂ ಅಭ್ಯಂಜನ ಆಯಿತು ಎಂದು ಖುಷಿಪಟ್ಟೆ. ದೇವರೇ, ಆ ಖುಷಿ ನೆನೆದರೆ ಇವತ್ತಿಗೂ ಮೈ ಬೆವರುತ್ತದೆ.

ಅವರು ತಲೆ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ಯಜಮಾನರು ಹೊರಡೋಣ ಎಂದು ಗಲಾಟೆ ಹಚ್ಚಿದ್ದರು. ಗಡಿಬಿಡಿಯಲ್ಲಿ ಡ್ರಮ್ಮು ಜೋಡಿಸಿದರು. ಮನೆಯೆಲ್ಲ ಹರಳೆಣ್ಣೆಯ ವಾಸನೆ, ಅವರ ತಲೆಯಲ್ಲೂ ಅದೇ ವಾಸನೆ. ಅವರಿಗೆ ಗೊತ್ತಾಗುವುದಾದರೂ ಹೇಗೆ?

ಊರು ದಾಟುವಾಗಲೇ ಅವರು ಹೇಳಿದರು. "ಸ್ವಾಮಿ, ಬ್ರೇಕ್ ತುಳಿದ್ರೆ ಎಡಕ್ಕೆ ಎಳೀತಾ ಐತೆ. ಒಂದು ನಿಮಿಷ ನಿಲ್ಲಿಸಿ ಬಿಚ್ಚಿ ನೋಡ್ತೀನಿ."

"ಹಬ್ಬದೂಟಕ್ಕೆ ಕಾಯ್ತಾ ಇರ್ತಾರೆ ಕಣೋ. ಅಲ್ಲಿ ಹೋಗಿ ನೋಡುವಿಯಂತೆ, ನಡಿ," ಎಂದರು ಯಜಮಾನರು.

ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತಿದ್ದ ನನಗೆ ಇದೆಲ್ಲ ಕೇಳಿಸಿತು. ಎಣ್ಣೆಗೂ ಎಳೆತಕ್ಕೂ ಸಂಬಂಧವಿದೆಯೆಂದು ಆಗ ಹೊಳೆಯಲೇ ಇಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಎಣ್ಣೆ ಬಟ್ಟಲು ಒಮ್ಮೆ ಕಣ್ಣ ಮುಂದೆ ಬಂದಿತ್ತು. ಅತ್ತೆಯ ಎದುರಿಗೆ ಬಾಯಿಬಿಡಲು ಹೆದರಿ ಕಿಟಕಿಯ ಕಡೆ ತಿರುಗಿಕೊಂಡೆ.

ಶಿಡ್ಲಘಟ್ಟ ದಾಟಿ ಕೆರೆಯ ಏರಿ ಇಳಿಯುವಾಗ ಅಡ್ಡಬಂದದ್ದು ಹಿಪ್ಪುನೇರಳೆ ಸೊಪ್ಪು ಹೊತ್ತ ಇಬ್ಬರು ಹೆಂಗಸರು. ಡ್ರೈವರಪ್ಪ ಯಾವತ್ತಿನ ಹಾಗೆ ದೂರದಿಂದಲೇ ಬ್ರೇಕ್ ಮುಟ್ಟಿದರು. ಕಾರು ನಿಲ್ಲಲಿಲ್ಲ. ಜೋರಾಗಿ ತುಳಿದರು. ಎಡಗಡೆಯ ಚಕ್ರ ಮಾತ್ರ ಹಿಡಿದು, ಕಾರು ಎಡಕ್ಕೆ ಹೊರಳಿ ಹಳ್ಳಕ್ಕೆ ನುಗ್ಗಿತು. ಆ ಹೆಂಗಸರಿಗೆ ಏನೂ ಆಗಲಿಲ್ಲ, ನಮಗೂ ತರಚು ಗಾಯ. ಅತ್ತೆಯ ಬಲಗೈ ಮಣಿಕಟ್ಟು ಮಾತ್ರ ಮುರಿಯಿತು. ಕಟ್ಟು ಹಾಕಿಸಿದರೂ ಅದು ನೆಟ್ಟಗಾಗಲಿಲ್ಲ. ಮುಂದೆ ಅವರು ಸೌಟು ಹಿಡಿದದ್ದೆಲ್ಲ ಎಡಗೈಯಲ್ಲೇ.

ಮೂರನೆಯ ದಿನ ಕಾರನ್ನು ಹಳ್ಳದಿಂದ ಎಳೆಸಿ ತಂದು, ನಮ್ಮ ಮನೆಯ ಮುಂದೆ ಡ್ರೈವರಪ್ಪ ಯಜಮಾನರ ಎದುರಿಗೇ ಡ್ರಮ್ಮು ಬಿಚ್ಚಿದರು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಒಳಗೆಲ್ಲ ಮಸಿ ಕಲಸಿದ ಜಿಡ್ಡು.

"ಎಣ್ಣೆ ಸ್ನಾನ ಮಾಡಿ ಅದೇ ಕೈಯಲ್ಲಿ ಜೋಡಿಸಿದ್ದೀಯಲ್ಲೋ! ಮಿಲಿಟರೀಲಿ ಕಲಿತದ್ದು ಇದೇನಾ?" ಯಜಮಾನರು ಗುಡುಗಿದರು.

ಅವರು ಬೆರಳಲ್ಲಿ ಜಿಡ್ಡು ತೆಗೆದು ಮೂಸಿದರು. "ಕೈಯಲ್ಲಿರೋ ಎಣ್ಣೆ ಇಷ್ಟು ಬರಲ್ಲ ಸ್ವಾಮಿ. ಇದು ಯಾರೋ ಹಚ್ಚಿರೋದು. ನನ್ನ ಮಕ್ಕಳಾಣೆ, ನಾನಲ್ಲ."

"ಮತ್ತೆ ದೇವರು ಬಂದು ಹಚ್ಚಿದನೇನೋ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಅಂಗೈ ನೋಡಿಕೊಂಡೆ. ಹೊರಗೆ ಹೋಗಿ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆದರೆ ಒಳಗೆ ಅತ್ತೆ ಕೈ ಕಟ್ಟಿಕೊಂಡು ನರಳುತ್ತಿದ್ದರು. ನಮ್ಮ ಕಡೆ ತೆಲುಗಿನಲ್ಲೊಂದು ಗಾದೆ ಆಡುತ್ತಾರೆ: ಅತ್ತೆ ಒಡೆದದ್ದು ತೂತು ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ. ನಾನು ಒಡೆದದ್ದು ಮಡಕೆಯಲ್ಲ, ಅತ್ತೆಯ ಕೈ. ಮದುವೆಯಾಗಿ ಎರಡು ವರ್ಷವಾಗಿರಲಿಲ್ಲ. ಜನ್ಮವೆಲ್ಲ ಆ ಮಾತು ಕೇಳಬೇಕಲ್ಲ ಎಂದು ಹೆದರಿ ಒಳಗೇ ಉಳಿದೆ. ಅವರನ್ನು ಅಂದೇ ಕೆಲಸ ಬಿಡಿಸಿದರು. ಯಜಮಾನರು ಸಿಟ್ಟಿನಲ್ಲಿ ಚಿಂತಾಮಣಿಯ ಮಾಲೀಕರಿಗೂ ಹೇಳಿಕಳಿಸಿದರು, ಇವನ ಕೈಗೆ ಜನರ ಜೀವ ಕೊಡಬೇಡಿ ಎಂದು.

ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಳೆಯಿತು. ಅತ್ತೆ ತೀರಿಕೊಂಡರು. ಹಳೆಯ ಕಾರು ಹೋಗಿ ಬೇರೆಯದು ಬಂತು, ಯಜಮಾನರೇ ಓಡಿಸಲು ಕಲಿತರು. ಒಂದು ಮಳೆಗಾಲದಲ್ಲಿ ಮದುವೆಯೊಂದಕ್ಕೆ ಗೌರಿಬಿದನೂರಿಗೆ ಹೋಗಿದ್ದೆವು. ಚಕ್ರವೆಲ್ಲ ಕೆಸರು. ಹೀಗೆ ಛತ್ರದ ಮುಂದೆ ಇಳಿಯುವುದು ಹೇಗೆ ಎಂದು ನಾನೇ ಹಟ ಮಾಡಿ, ಲಾರಿ ತೊಳೆಯುವ ಶೆಡ್ಡೊಂದರ ಮುಂದೆ ನಿಲ್ಲಿಸಲು ಹೇಳಿದೆ. ಯಜಮಾನರು ಪತ್ರಿಕೆ ಓದುತ್ತ ಒಳಗೇ ಕೂತರು. ನಾನು ಇಳಿದು ಹಿಂದಕ್ಕೆ ಬಂದೆ.

ಮುದುಕರೊಬ್ಬರು ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಚಕ್ರ ಉಜ್ಜುತ್ತಿದ್ದರು. ತಲೆಯೆತ್ತಿ ನೋಡಿದರು. ಅವರೇ.

"ಚೆನ್ನಾಗಿದ್ದೀರಾಮ್ಮ? ದೊಡ್ಡಮ್ಮನವರ ಕೈ ಸರಿಹೋಯ್ತಾ?" ಎಂದರು. ಅವರು ಕೇಳಿದ ಮೊದಲ ಮಾತೇ ಅದು.

ಅತ್ತೆ ಹೋದರು ಎಂದೆ. ಬಸ್ಸಿನ ಕೆಲಸ ಏನಾಯಿತು ಎಂದು ಕೇಳಿದೆ, ಗೊತ್ತಿದ್ದೂ.

"ಎಲ್ಲಿ ಬಂತಮ್ಮ? ಬ್ರೇಕಿಗೆ ಎಣ್ಣೆ ಹಚ್ಚಿದ ಡ್ರೈವರು ಅಂತ ಊರೆಲ್ಲ ಹೆಸರು ಬಿತ್ತು. ಆಮೇಲೆ ಯಾರೂ ಸ್ಟೇರಿಂಗ್ ಮುಟ್ಟಿಸಲಿಲ್ಲ. ತೊಳೆಯೋ ಕೆಲಸಕ್ಕೆ ಯಾರೂ ಬೇಡ ಅನ್ನಲ್ಲ ನೋಡಿ."

"ಆ ಎಣ್ಣೆ ಹಚ್ಚಿದ್ದು ನಾನು," ಎಂದೆ.

ಅವರ ಕೈ ನಿಲ್ಲಲಿಲ್ಲ. "ಗೊತ್ತಮ್ಮ. ಅವತ್ತು ನಾವೆಲ್ಲ ಹಿತ್ತಲಲ್ಲಿದ್ವಿ. ಕಾರಿನ ಹತ್ರ ಇದ್ದೋರು ನೀವೊಬ್ರೇ. ಡ್ರಮ್ಮು ಬಿಚ್ಚಿದಾಗ್ಲೇ ಗೊತ್ತಾಯ್ತು."

"ಮತ್ತೆ ನೀವು ಯಾಕೆ ಹೇಳಲಿಲ್ಲ?"

"ಮನೆ ಸೊಸೆ ಮೇಲೆ ಡ್ರೈವರು ಹೇಳಿದ್ರೆ ಯಾರು ನಂಬ್ತಾರೆ? ನೀವು ಹೇಳ್ತೀರಾಂತ ಕಾಯ್ದೆ." ಚಕ್ರದ ಮೇಲೆ ಒಂದು ಚೊಂಬು ನೀರು ಹೊಯ್ದು, ಎದ್ದು ನಿಂತರು. "ಈಗ ಹೇಳ್ತೀರಾಮ್ಮ? ಸ್ವಾಮಿಗಳು ಅಲ್ಲೇ ಕೂತವ್ರೆ. ನನಗೆ ಇನ್ನೇನೂ ಬೇಡ, ಡ್ರೈವರ್ ಕೆಲಸ ಮಾಡೋ ವಯಸ್ಸೂ ಅಲ್ಲ. ನನ್ನೆದುರಿಗೆ ಒಂದ್ಸಲ ಹೇಳಿಬಿಡಿ, ಸಾಕು."

ಹೂಂ ಎಂದೆ. ಮುಂದಕ್ಕೆ ನಡೆದೆ. ಅವರೂ ಬ್ರಷ್ಷು ಹಿಡಿದುಕೊಂಡು ನನ್ನ ಹಿಂದೆ ನಾಲ್ಕು ಹೆಜ್ಜೆ ಬಂದು ನಿಂತರು. ಆಗ ನನಗೆ ಯಾರ ಹೆದರಿಕೆ ಇತ್ತು? ಅತ್ತೆ ಇರಲಿಲ್ಲ. ಯಜಮಾನರು ಹೆಚ್ಚೆಂದರೆ ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದರು. ಆದರೆ ಅಷ್ಟು ವರ್ಷ ನಾನು ಸುಮ್ಮನಿದ್ದೆನಲ್ಲ, ಆ ಸುಮ್ಮನಿದ್ದದ್ದನ್ನು ಹೇಳುವುದು ಎಣ್ಣೆ ಹಚ್ಚಿದ್ದನ್ನು ಹೇಳುವುದಕ್ಕಿಂತ ಕಷ್ಟವಾಯಿತು. ನಾನು ಕೆಟ್ಟವಳು ಎಂದು ಗಂಡನಿಗೆ ಗೊತ್ತಾಗಬಾರದಿತ್ತು. ಅಷ್ಟೇ.

ಯಜಮಾನರು ಪತ್ರಿಕೆ ಇಳಿಸಿದರು. "ಏನೇ, ಆಯ್ತಾ?"

"ಆಯ್ತು. ಹೋಗಣ," ಎಂದು ಹೇಳಿ ನಾನು ಕೂತು ಬಾಗಿಲು ಹಾಕಿಕೊಂಡೆ.

ಕಾರು ಹೊರಟಿತು. ಹಿಂದಕ್ಕೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಯಜಮಾನರು ಕೇಳಿದರು, "ಆ ಮುದುಕ ನಿನ್ನ ಹತ್ರ ಏನೋ ಕೇಳ್ತಾ ಇದ್ದ ಹಾಗಿತ್ತು?"

"ಏನಿಲ್ಲ," ಎಂದೆ. "ಚಕ್ರ ಚೆನ್ನಾಗಿ ತೊಳೆದಿದ್ದೀನಾ ಅಂತ ಕೇಳಿದ."