ಎರಡೂ ಎಡತೋಳಿನ ಅಂಗಿ

ನಮ್ಮ ಬೀದಿಯ ಕೊನೆಯ ಮನೆಯ ಹೆಂಗಸನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಹಾಲು ಹಾಕುವವನಿಂದ ಹಿಡಿದು ವಠಾರದ ಚಿಳ್ಳೆಪಿಳ್ಳೆಗಳವರೆಗೆ ಎಲ್ಲರಿಗೂ ಅವಳು ಎಡತೋಳಕ್ಕ. ಹೊಸಬರು ಅವಳ ಎಡಗೈಗೆ ಏನೋ ಆಗಿರಬೇಕು ಅಂದುಕೊಂಡು ‘ಅಯ್ಯೋ ಪಾಪ’ ಅನ್ನುತ್ತಾರೆ. ಏನೂ ಆಗಿಲ್ಲ ಸ್ವಾಮಿ, ಎರಡು ಕೈಯೂ ಕಲ್ಲುಗುಂಡಿನ ಹಾಗಿವೆ. ಅವಳು ರೆಡಿಮೇಡ್ ಬಟ್ಟೆಯ ಕಾರ್ಖಾನೆಯಲ್ಲಿ ಗಂಡಸರ ಅಂಗಿಗೆ ಎಡಗಡೆಯ ತೋಳು ಕೂಡಿಸುವವಳು. ಮಗಳು ಅಂಬೆಗಾಲಿಡುತ್ತಿದ್ದಾಗ ಆ ಮೆಷಿನ್ನಿನ ಮುಂದೆ ಕೂತವಳು, ಅದೇ ಮಗಳು ಬಸುರಿಯಾದಾಗಲೂ ಅಲ್ಲೇ ಕೂತಿದ್ದಳು. ಅಷ್ಟು ಕಾಲವೂ ಎಡತೋಳು. ಬರೀ ಎಡತೋಳು.

ಎದುರಿನ ಮೆಷಿನ್ನಿನಲ್ಲಿ ಬಲತೋಳಿನವಳು. ಇವಳು ಎಡ ಮುಗಿಸಿ ತಳ್ಳಿದ ಅಂಗಿಗೆ ಅವಳು ಬಲ ಕೂಡಿಸಿ ಮುಂದಕ್ಕೆ ತಳ್ಳಬೇಕು. ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡಿದವರು, ಒಬ್ಬರ ತಲೆಯ ಹೇನು ಇನ್ನೊಬ್ಬರು ತೆಗೆದವರು. ಒಂದು ದಿನ ಅಂಗಿ ರಾಶಿ ಬಿದ್ದು ಸೂಪರ್‌ವೈಸರ್ ಬಂದು ಕೂಗಾಡಿದ. ಎಡತೋಳಕ್ಕ ಹೆದರಿ, “ನನ್ನ ಕಡೆ ಎಲ್ಲಾ ಸರಿ ಇದೆ ಸಾರ್, ಬಲಗಡೇನೇ ನಿಧಾನ” ಅಂದುಬಿಟ್ಟಳು. ಅಂದಿನಿಂದ ಬಲತೋಳಿನವಳ ಬಾಯಿಗೆ ಬೀಗ. ಮೊಳದ ಅಂತರದಲ್ಲಿ ಮುಖಾಮುಖಿ ಕೂತು ಇಬ್ಬರು ಹೆಂಗಸರು ವರ್ಷಗಟ್ಟಲೆ ಮಾತಾಡದೆ ಅಂಗಿ ದಾಟಿಸುತ್ತಿದ್ದರು. ಸೂಪರ್‌ವೈಸರ್‌ಗೆ ಇದಕ್ಕಿಂತ ಖುಷಿ ಬೇಕೆ? ಮಾತಿಲ್ಲದ ಕಡೆ ಕೆಲಸ ಚುರುಕು.

ಹೊಟ್ಟೆ ಉರಿಯುವುದು ಇಲ್ಲಿ. ಒಂದು ಅಂಗಿಯನ್ನು ಇಷ್ಟು ಜನರ ನಡುವೆ ಯಾಕೆ ಹರಿದು ಹಂಚುತ್ತಾರೆ ಅಂದುಕೊಂಡಿರಿ? ಬೇಗ ಆಗುತ್ತದೆ ಅನ್ನುತ್ತಾರೆ. ಆಗುತ್ತದೆ, ನಿಜ. ಆದರೆ ಇಡೀ ಅಂಗಿ ಕಲಿತವಳು ನಾಳೆ ಎದ್ದುಹೋಗಿ ಮನೆ ಜಗುಲಿಯಲ್ಲಿ ತನ್ನದೇ ಮೆಷಿನ್ ಹಾಕಿಕೊಂಡಾಳು. ಎಡತೋಳು ಮಾತ್ರ ಕಲಿತವಳು ಎಲ್ಲಿಗೆ ಹೋಗುತ್ತಾಳೆ? ಬರೀ ತೋಳನ್ನು ಯಾರು ಹೊಲಿಸಿಕೊಳ್ಳುತ್ತಾರೆ? ಬೇಲಿಯಿಲ್ಲ, ಸರಪಳಿಯಿಲ್ಲ, ಆದರೂ ಅವಳು ಎಲ್ಲಿಗೂ ಹೋಗುವ ಹಾಗಿಲ್ಲ. ಜಾಣರು ಕಟ್ಟಿಹಾಕುವುದು ಹೀಗೆ.

ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಗಂಡು ಮಗು. ಮಗು ಅನ್ನುವುದಕ್ಕಿಂತ, ಮಗುವಾಗುವುದಕ್ಕೆ ಹೊರಟು ದಾರಿಯಲ್ಲಿದ್ದ ಜೀವ. ತೊಡೆ ನಮ್ಮ ಹೆಬ್ಬೆರಳಿನಷ್ಟು, ಕಿವಿ ಹೂವಿನ ಎಸಳಿನ ಹಾಗೆ ಮಡಚಿಕೊಳ್ಳುತ್ತಿತ್ತು. ಅಳಿಯ ಲಾರಿ ಓಡಿಸುವವನು, ಬಾಗಿಲು ಬಗ್ಗಿ ದಾಟುವಂಥ ಆಳು. ಮಗುವನ್ನು ಕಂಡು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. “ಮುಟ್ಟೋ” ಅಂದರೆ “ಬೇಡ ಅತ್ತೆ, ನನ್ನ ಕೈ ಒರಟು” ಅಂದ. ಲೋಡು ಕಾಯುತ್ತಿತ್ತು, ಕಣ್ಣೊರೆಸಿಕೊಂಡು ಹೋದ.

ಎಡತೋಳಕ್ಕ ರಜೆ ಕೇಳಿದಳು. “ಹೆರಿಗೆ ನಿನಗಾ, ಮಗಳಿಗಾ?” ಅಂದ ಸೂಪರ್‌ವೈಸರ್. ಸುತ್ತಲಿನವರು ನಕ್ಕರು. ನಗದೆ ಏನು ಮಾಡುತ್ತಾರೆ, ಅವರಿಗೂ ನಾಳೆ ರಜೆ ಬೇಕು. ಹಾಗಾಗಿ ಅಜ್ಜಿ ಪಾಳಿ ಮುಗಿಸಿ ಸಂಜೆ ಆಸ್ಪತ್ರೆಗೆ ಓಡಿ ಬಂದು ಗಾಜಿನ ಈಚೆಯಿಂದ ಮೊಮ್ಮಗನನ್ನು ನೋಡಿ ಹೋಗುತ್ತಿದ್ದಳು. ಒಂದು ಸಂಜೆ, ಮಗುವನ್ನು ಬೆಚ್ಚಗಿಟ್ಟಿದ್ದ ಗಾಜಿನ ಪೆಟ್ಟಿಗೆ ಖಾಲಿ. ನರ್ಸಮ್ಮ ತೋಳು ಹಿಡಿದು ಒಳಗೆ ಕರೆದೊಯ್ದಳು. ಮಗು ತಾಯಿಯ ಬರಿ ಎದೆಯ ಮೇಲೆ ಕಪ್ಪೆಮರಿಯ ಹಾಗೆ ಅಂಟಿಕೊಂಡಿತ್ತು.

“ಪೆಟ್ಟಿಗೆ ಕೆಲಸ ಮುಗೀತು ಅಜ್ಜಿ. ಇನ್ಮೇಲೆ ಇವನಿಗೆ ಅಮ್ಮನ ಎದೇನೇ ಪೆಟ್ಟಿಗೆ. ಹಗಲೂ ರಾತ್ರಿ ಹೀಗೇ ಇರ್ಬೇಕು. ಬಿಸಿ ಆರಬಾರ್ದು, ಅಷ್ಟೇ.”

“ಹಗಲೂ ರಾತ್ರಿನಾ? ಇವಳ ಕೈ ಬಿದ್ದುಹೋಗಲ್ವಾ?”

“ಅದಕ್ಕೇ ಎದೆಗೆ ಕಟ್ಕೊಳ್ಳೋ ಪಟ್ಟಿ ಇದೆ. ವಾರ್ಡಲ್ಲಿರೋದು ಎರಡೇ, ಸರದಿ ಮೇಲೆ ಇವಳಿಗೂ ಒಂದೊಂದು ಗಂಟೆ ಸಿಗತ್ತೆ ಅಷ್ಟೇ. ಅಲ್ನೋಡಿ, ಕಾಯ್ತಾ ಇರೋ ತಾಯಂದಿರನ್ನ. ನೀವೇ ಅಂಥದೊಂದು ಕಟ್ಟು, ಒಂದು ಮೆತ್ತನೆ ಅಂಗಿ ಮಾಡ್ಕೊಂಡು ಬನ್ನಿ. ಸರಿಯಾಗಿದ್ರೆ ಮನೆಗೆ ಕಳಿಸೋಣ ಅಂತ ಡಾಕ್ಟ್ರು ಹೇಳಿದಾರೆ. ಇಲ್ಲಾಂದ್ರೆ ಕಳಿಸಕ್ಕಾಗಲ್ಲ.”

ಮಗಳು ಕೂತಲ್ಲೇ ತೂಕಡಿಸುತ್ತಿದ್ದಳು. ಅವಳಿಗೆ ಮನೆ ಬೇಕಾಗಿತ್ತು, ಸದ್ದಿಲ್ಲದ ಮೂಲೆ ಬೇಕಾಗಿತ್ತು. ಕಣ್ಣು ತೆರೆಯದೇ ಹೇಳಿದಳು: “ಅಂಗಡೀದು ಬೇಡಮ್ಮ, ಆವತ್ತು ತಂದಿದ್ರಲ್ಲಿ ಮಗು ಮುಳುಗೇ ಹೋಯ್ತು. ನೀನೇ ಹೊಲಿ. ಹುಟ್ಟಿದಾಗ್ಲಿಂದ ನೋಡ್ತಿದ್ದೀನಿ, ಅಂಗಿ ಹೊಲಿಯೋದೇ ತಾನೆ ನಿನ್ನ ಕೆಲಸ.”

ಆ ಮಾತಿಗೆ ‘ಹೂಂ’ ಅನ್ನದೆ ಯಾವ ತಾಯಿ ಏನು ಹೇಳಿಯಾಳು?

ಮನೆಯಲ್ಲೊಂದು ಹಳೆ ಕಾಲ್ಮೆಷಿನ್ ಇತ್ತು, ಟೀವಿ ಇಡುವುದಕ್ಕೆ ಉಪಯೋಗ. ಟೀವಿ ಇಳಿಸಿ ಎಣ್ಣೆ ಬಿಟ್ಟಳು. ಒಗೆದು ಒಗೆದು ಮೆತ್ತಗಾಗಿದ್ದ ಹೂವಿನ ದಿಂಬಿನ ಚೀಲವೊಂದನ್ನು ಬಿಚ್ಚಿದಳು. ಮೈಯ ಭಾಗಕ್ಕೆ ಅಂಗಡಿಯ ಅಂಗಿಯನ್ನು ಕಿರಿದು ಮಾಡಿ ಕಾಗದದಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಅಂತೂ ಕತ್ತರಿಸಿದಳು. ಕತ್ತು ದೊಡ್ಡದಾಯಿತು, ನೆರಿಗೆ ಹಿಡಿದಳು. ತೋಳಿಗೆ ಬಂದಾಗ ನಿರಾಳವಾಗಿ ಉಸಿರು ಬಿಟ್ಟಳು. ಅಬ್ಬ, ಇದು ನನ್ನ ಮನೆ! ಕೈ ತಾನಾಗಿ ಓಡಿತು. ಒಂದು ತೋಳು ಕೂಡಿಸಿದಳು, ಇನ್ನೊಂದೂ ಕೂಡಿಸಿದಳು, ನೂಲು ಕಡಿದಳು. ಮಡಚಿದರೆ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಅಂಗಿ. ತನ್ನ ಬದುಕಿನಲ್ಲಿ ಹೊಲಿದ ಮೊದಲ ಇಡೀ ಅಂಗಿ.

ಮರುದಿನ ಸಂಜೆ ನರ್ಸಮ್ಮ ಅದನ್ನು ಮಗುವಿಗೆ ತೊಡಿಸಿದಳು. ಎಡಗೈ ಚೆನ್ನಾಗಿ ಮುಂದಕ್ಕೆ ಬಂತು. ಬಲಗೈ ಮಾತ್ರ ಹಿಂದಕ್ಕೆ ಸೊಟ್ಟಗಾಗಿ, ಮಗು ಯಾರನ್ನೋ ‘ನಡಿ ಆಚೆ’ ಎಂದು ತಳ್ಳುತ್ತಿರುವ ಹಾಗೆ ಕಂಡಿತು. ನರ್ಸಮ್ಮ ತಿರುಗಿಸಿ ಮುರುಗಿಸಿ ನೋಡಿ, “ಅಜ್ಜಿ, ಇದೇನಿದು, ಎರಡೂ ಎಡತೋಳೇ!” ಅಂತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ತೋಳಿಗೂ ಮುಂದು ಹಿಂದು ಇರುತ್ತದೆ. ಮುಂದಿನ ಬಾಗು ಆಳ, ಹಿಂದಿನದು ಕಡಿಮೆ. ಒಂದು ತೋಳು ಕತ್ತರಿಸಿದ ಮೇಲೆ ಇನ್ನೊಂದಕ್ಕೆ ಕಾಗದವನ್ನು ಮಗುಚಿ ಇಡಬೇಕು. ಅವಳು ಮಗುಚಿರಲಿಲ್ಲ. ಮಗುಚುವ ಕೆಲಸ ಅವಳ ಪಾಲಿಗೆ ಯಾವತ್ತೂ ಬಂದಿರಲಿಲ್ಲ.

“ಅದು ಹೋಗ್ಲಿ, ಇಲ್ಲಿ ನೋಡಿ” ಅಂತ ನರ್ಸಮ್ಮ ಮಗುವಿನ ಕಂಕುಳು ತೋರಿಸಿದಳು. ಒಳಗಿನ ಹೊಲಿಗೆ ತಾಗಿ ಕೆಂಪು ಗೀರು. “ಇಂಥ ಮಕ್ಕಳ ಚರ್ಮ ಈರುಳ್ಳಿ ಪೊರೆ ಇದ್ದ ಹಾಗೆ. ಹೊಲಿಗೆ ಹೊರಗೆ ಬರ್ಬೇಕು, ಒಳಗಡೆ ನುಣ್ಣಗಿರ್ಬೇಕು. ನಾಳಿದ್ದು ಡಾಕ್ಟ್ರು ಬರೋದ್ರೊಳಗೆ ಆಗತ್ತಾ?”

ಎಡತೋಳಕ್ಕ ಹೊರಗೆ ಬಂದು ಗೋಡೆ ನೋಡುತ್ತ ನಿಂತಳು. ಮಗುವನ್ನು ಎದೆಗೊತ್ತಿಕೊಂಡು ಮಗಳು ಮೆಲ್ಲಗೆ ಹಿಂದೆ ಬಂದಳು.

“ಅಮ್ಮಾ, ನಿಂಗೆ ಅಂಗಿ ಹೊಲಿಯಕ್ಕೆ ಬರಲ್ವಾ?”

“ತೋಳು ಹೊಲಿಯಕ್ಕೆ ಬರತ್ತೆ ಕಣೆ. ಎಡಗಡೇದು.”

ಮಗಳು ಅವಳನ್ನೇ ನೋಡಿದಳು. ತುಟಿ ಅದುರಿತು. ಅಳುತ್ತಾಳೇನೋ ಅಂದುಕೊಂಡರೆ, ಹೆರಿಗೆಯಾದ ಮೇಲೆ ಮೊದಲ ಸಲ ಕಿಸಕ್ಕನೆ ನಕ್ಕಳು. ಎದೆ ಕುಲುಕಿ ಮಗು ಮುಖ ಕಿವುಚಿತು. “ಶ್! ಅವನಿಗೆ ಎಚ್ಚರ ಆಗತ್ತೆ” ಅಂತ ತಾಯಿ ಗದರಿದಳು. ಗದರುತ್ತಲೇ ತಾನೂ ನಕ್ಕಳು, ನಗುತ್ತಲೇ ಅತ್ತಳು.

ಮರುದಿನ ಎಡತೋಳಕ್ಕ ಆ ಅಂಗಿಯನ್ನು ಕಾರ್ಖಾನೆಗೆ ಒಯ್ದಳು. ಎಡತೋಳು ಮುಗಿಸಿ ತಳ್ಳಿದ ದೊಡ್ಡ ಅಂಗಿಯ ಮೇಲೆ ಈ ಗೇಣುದ್ದದ ಅಂಗಿ ಇಟ್ಟು ಎದುರಿಗೆ ದಾಟಿಸಿದಳು. ಬಾಯಿ ಬಿಡಲಿಲ್ಲ. ಬಲತೋಳಿನವಳು ಮೆಷಿನ್ ನಿಲ್ಲಿಸಿದಳು. ಅಂಗಿಯನ್ನು ಎತ್ತಿ, ಒಳಗು ಹೊರಗು ಮಾಡಿ, ಬಲಗಡೆಯ ತೋಳಿನೊಳಗೆ ಎರಡು ಬೆರಳು ತೂರಿಸಿ ನೋಡಿದಳು. ಆಮೇಲೆ ಅದನ್ನು ಮಡಚಿ ತನ್ನ ಚೀಲದಲ್ಲಿಟ್ಟುಕೊಂಡು ಮತ್ತೆ ಮೆಷಿನ್ ತುಳಿದಳು. ಅವಳೂ ಬಾಯಿ ಬಿಡಲಿಲ್ಲ.

ಸಂಜೆ ಗೇಟಿನಲ್ಲಿ ತಪಾಸಣೆ. ನೆಲದ ಮೇಲೆ ಬಿದ್ದ ಚಿಂದಿ ಹೊರಗೆ ಹೋದೀತು ಅಂತ ದಿನವೂ ಹೆಂಗಸರ ಚೀಲ, ಡಬ್ಬಿ, ಸೊಂಟ ಎಲ್ಲಾ ತಡಕುತ್ತಾರೆ. ಆ ಚಿಂದಿಯನ್ನು ಲಾರಿಗಟ್ಟಲೆ ಸುಡುತ್ತಾರೆ, ಅದು ಬೇರೆ ಮಾತು. ಬಲತೋಳಿನವಳ ಚೀಲದಲ್ಲಿ ಕಾವಲಿನ ಹೆಂಗಸಿನ ಕೈಗೆ ಪುಟ್ಟ ಅಂಗಿ ಸಿಕ್ಕಿತು.

“ಇದೇನೇ, ಮಾಲು ಕದ್ಯಾ?”

ಸಾಲಿನ ಹಿಂದಿನಿಂದ ಎಡತೋಳಕ್ಕ, “ಅದು ನಂದು! ನನ್ನ ಮೊಮ್ಮಗಂದು!” ಎಂದು ಕೂಗಿದಳು.

ಬಲತೋಳಿನವಳು ಅಂಗಿಯನ್ನು ಕಾವಲಿನವಳ ಮುಖದ ಮುಂದೆ ಹಿಡಿದಳು. “ಕಣ್ಣು ಬಿಟ್ಟು ನೋಡು ತಾಯಿ. ಎರಡು ಎಡತೋಳಿರೋ ಅಂಗಿ ಯಾವ ಫ್ಯಾಕ್ಟ್ರೀಲಿ ಮಾಡ್ತಾರೆ? ಇದು ನಮ್ಮ ಲೈನಿನ ರಾಣಿ ಮನೇಲಿ ಕೂತು ಮಾಡಿರೋ ಘನಂದಾರಿ ಕೆಲಸ.”

ಕಾವಲಿನವಳೂ ನಕ್ಕು ಬಿಟ್ಟಳು. ಗೇಟು ದಾಟಿದ ಮೇಲೆ ಬಲತೋಳಿನವಳು ತಿರುಗಿ ನಿಂತು, ಇಷ್ಟು ವರ್ಷ ಕೂಡಿಟ್ಟದ್ದನ್ನು ಒಂದೇ ಉಸಿರಿಗೆ ಅಂದಳು: “ಬಲಗಡೆ ನಿಧಾನ ಅಂದಿದ್ದೆ ಅಲ್ವಾ? ಈಗ ಬಲಗಡೆ ಇಲ್ದೆ ಗೇಣುದ್ದ ಅಂಗೀನೂ ಆಗ್ಲಿಲ್ಲ ನೋಡು.”

“ತಪ್ಪಾಯ್ತು ಕಣೆ.”

“ತಪ್ಪು ಒಂದ್ಕಡೆ ಇಡು. ಮಗು ಎಷ್ಟಿದೆ?”

ಎಡತೋಳಕ್ಕ ಎರಡು ಕೈ ಎತ್ತಿ ಅಳತೆ ತೋರಿಸಿದಳು. ಆ ಕೈಗಳ ನಡುವಿನ ಜಾಗವನ್ನು ಬಲತೋಳಿನವಳು ನೋಡಿದಳು. ತನ್ನ ಬಸ್ಸು ಬಂದು ನಿಂತು ಹೊರಟಿತು. ಅದನ್ನು ಬಿಟ್ಟು ಇವಳ ಬೀದಿಯ ಕಡೆಗೆ ನಡೆದಳು.

ಆ ಸಂಜೆ ಕೊನೆಯ ಮನೆಯಲ್ಲಿ ಹೊಲಿಗೆಯ ಮೇಲೆ ನಡೆದ ಜಗಳ ವಠಾರಕ್ಕೆಲ್ಲ ಕೇಳಿಸಿತು. ಅಂಗಿಗೆ ಇನ್ನೊಂದು ದಿಂಬಿನ ಚೀಲ ಬಂತು. ಎಡ ಇವಳು, ಬಲ ಅವಳು, ಹೊಲಿಗೆಯೆಲ್ಲ ಹೊರಗೆ. ಹೊರಗೆ ಹೊಲಿಯುವುದಕ್ಕೆ ಇಬ್ಬರಿಗೂ ಕೈಯೇ ಬರಲೊಲ್ಲದು. ಕಾರ್ಖಾನೆಯಲ್ಲಿ ಹಾಗೆ ಹೊಲಿದರೆ ಅಂಗಿ ಮುಖಕ್ಕೆ ಬಂದು ಬೀಳುತ್ತದೆ.

ಮಗುವನ್ನು ಎದೆಗೆ ಕಟ್ಟುವ ಪಟ್ಟಿಗೆಂದು ಎಡತೋಳಕ್ಕ ಹಳೆ ದುಪ್ಪಟಿ ಹರಿಯಲು ಹೊರಟಳು. “ದುಪ್ಪಟಿ ಜಾರತ್ತೆ ಕಣೆ. ಮಗೂನ ಅಪ್ಪಿ ಹಿಡಿಯೋ ಬಟ್ಟೆ ಬೇಕು. ನಿನ್ನ ಅಳಿಯನ ಟೀ ಶರ್ಟ್ ಇದೆಯಾ?” ಅಂದಳು ಬಲತೋಳಿನವಳು. ಇತ್ತು, ಕಾಲರಿಲ್ಲದ ಮೂರು ಹಳೆಯವು, ಗುಡಾರದಷ್ಟು ಅಗಲ. ಕಂಕುಳ ಕೆಳಗೆ ಅಡ್ಡಡ್ಡ ಕತ್ತರಿಸಿದರೆ ಒಂದೊಂದೂ ಒಂದೊಂದು ಬಳೆಯಾಯಿತು. ಎರಡು ಬಳೆಗಳನ್ನು ಎರಡು ಹೆಗಲಿಗೆ ಅಡ್ಡ ಹಾಕಿದರೆ ಎದೆಯ ಮೇಲೆ ಕತ್ತರಿಯ ಹಾಗೆ ಕೂಡಿದವು. ಬೆನ್ನಿನ ಮೇಲೆ ಅವು ಸೇರುವಲ್ಲಿ ಎಡದಿಂದ ಇವಳು, ಬಲದಿಂದ ಅವಳು ಹೊಲಿದು ನಡುವೆ ಸೂಜಿ ಕೂಡಿಸಿದರು. ಮೂರನೆಯದನ್ನು ಎಲ್ಲದರ ಮೇಲೆ ಸೊಂಟದಿಂದ ಎದೆಯವರೆಗೆ ಬಿಗಿಪಟ್ಟಿ ಮಾಡಿದರು.

ಪರೀಕ್ಷೆಗೆ ಸಕ್ಕರೆ ಪೊಟ್ಟಣಗಳನ್ನು ಬಟ್ಟೆಯಲ್ಲಿ ಸುತ್ತಿ ಬಲತೋಳಿನವಳ ಎದೆಗೆ ಕಟ್ಟಲಾಯಿತು. ಅವಳು ಬಗ್ಗಿದಳು, ಕೂತಳು, ಕಸ ಗುಡಿಸಿದಳು. ಸಕ್ಕರೆ ಅಲುಗಲಿಲ್ಲ.

“ಜಾರ್ತಾ ಇಲ್ಲ ತಾನೆ?”

“ಇಲ್ಲ. ಬಂಗಾರದಂಥ ಮಗು, ತುಟಿ ಪಿಟಕ್ ಅಂತಿಲ್ಲ. ನಿನಗಿಂತ ಎಷ್ಟೋ ವಾಸಿ.”

ಉಳಿದದ್ದು ಕತ್ತರಿಸಿ ಬಿಸಾಕಿದ ಮೇಲ್ಭಾಗಗಳು. ಎಡತೋಳಕ್ಕ ಒಂದನ್ನೆತ್ತಿಕೊಂಡು ಅದರ ಎಡತೋಳನ್ನು ಕತ್ತರಿಸಿದಳು. ತೋಳಿನ ತುದಿಯಲ್ಲಿ ಮೊದಲೇ ಮಡಿಕೆ ಹೊಲಿದಿರುತ್ತದಲ್ಲ, ಅದನ್ನು ಹಾಗೇ ಬಿಟ್ಟು ಇನ್ನೊಂದು ಬಾಯಿಯನ್ನು ಒಟ್ಟುಗೂಡಿಸಿ ಗಂಟು ಹಾಕಿದಳು. ತನ್ನ ಮುಷ್ಟಿಗೆ ತೊಡಿಸಿ ನೋಡಿದಳು. ಟೋಪಿ.

“ಅದೆಲ್ಲಿ ಕಲಿತ್ಯೇ?” ಅಂದಳು ಬಲತೋಳಿನವಳು.

“ಎಡತೋಳಿನ ವಿಷಯ ನನಗೆ ಹೇಳ್ಕೊಡಕ್ಕೆ ಬರ್ಬೇಡ.”

ಡಾಕ್ಟರು ಬರುವ ದಿನ ಇಬ್ಬರೂ ಕೆಲಸಕ್ಕೆ ಚಕ್ಕರ್ ಹೊಡೆದರು. ಒಂದು ತೋಳಿಲ್ಲದಿದ್ದರೆ ಹೇಗೋ ನಡೆದೀತು, ಎರಡೂ ಇಲ್ಲದೆ ಇಡೀ ಲೈನು ನಿಂತಿತಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ನರ್ಸಮ್ಮ ಮಗುವಿಗೆ ಅಂಗಿ ತೊಡಿಸಿ, ಎದೆಯ ಕಡೆ ತೆರೆದುಬಿಟ್ಟು, ತಾಯಿಯ ಮೈಗೆ ಮೈ ಹತ್ತಿಸಿ ಕಟ್ಟಿನೊಳಗೆ ಇಳಿಸಿದಳು. ಎರಡು ತೋಳೂ ಮುಂದಕ್ಕೆ ಬಂದು ತಾಯಿಯನ್ನು ಅಪ್ಪಿದವು. ಟೋಪಿ ಕಿವಿಯವರೆಗೆ ಕೂತಿತು. ಡಾಕ್ಟರಮ್ಮ ಮಗುವಿನ ಗಲ್ಲ ಎದೆಗೆ ಒತ್ತಿದೆಯೇ ಎಂದು ಬೆರಳಿಟ್ಟು ನೋಡಿದರು, ಮೂಗು ಬಿಡುವಾಗಿದೆಯೇ ನೋಡಿದರು, ತಾಯಿಯನ್ನು ಕೂರಿಸಿ ಎಬ್ಬಿಸಿದರು. “ತಲೆ ಬಗ್ಗಿಸಿ ಮುತ್ತಿಡು ನೋಡೋಣ” ಅಂದರು. ಮಗಳು ತಲೆ ಬಗ್ಗಿಸಿದಳು. ತುಟಿ ಸರಿಯಾಗಿ ಟೋಪಿಯ ಮೇಲೆ ಬಿತ್ತು.

“ಮೂಗು ಹೀಗೇ ಕಾಣ್ತಾ ಇರ್ಲಿ, ಇನ್ನೂ ಮೇಲೆ ಮುಚ್ಚಬೇಡಿ. ವಾರಕ್ಕೊಂದ್ಸಲ ತಂದು ತೋರಿಸಿ. ಕರ್ಕೊಂಡು ಹೋಗಿ.”

ಬಸ್ಸಿನಲ್ಲಿ ಮಗಳನ್ನು ನಡುವೆ ಕೂರಿಸಿಕೊಂಡರು. ಎಡಕ್ಕೆ ಅಮ್ಮ, ಬಲಕ್ಕೆ ಇನ್ನೊಬ್ಬಳು, ಯಾರೂ ಹೇಳಬೇಕಾಗಿರಲಿಲ್ಲ. ಎಷ್ಟೋ ದಿನದ ಮೇಲೆ ಎರಡೂ ಕೈ ಬಿಡುವಾಗಿ ಸಿಕ್ಕಿದ್ದಕ್ಕೆ ಮಗಳಿಗೆ ಅವನ್ನು ಎಲ್ಲಿಡಬೇಕೋ ತಿಳಿಯದೆ, ಒಂದರಿಂದ ಕಿಟಕಿ ಸರಿಸಿದಳು, ಒಂದರಿಂದ ಕೂದಲು ಸರಿಮಾಡಿಕೊಂಡಳು, ಆಮೇಲೆ ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋದಳು. ಮಗು ಆಗಲೇ ನಿದ್ದೆ ಹೋಗಿತ್ತು.

ಮುಂದಿನ ಸೀಟಿನಲ್ಲಿ ಇಸ್ತ್ರಿ ಅಂಗಿಯ ಗೃಹಸ್ಥರೊಬ್ಬರಿದ್ದರು. ಅವರು ಹಿಂದೆ ತಿರುಗಿ, ಕನ್ನಡಕ ಏರಿಸಿ, ಉಪಕಾರ ಮಾಡುವ ದನಿಯಲ್ಲಿ, “ಅಮ್ಮಾ, ಮಗುವಿನ ಅಂಗಿ ಉಲ್ಟಾ ಹಾಕಿದ್ದೀರಿ. ಹೊಲಿಗೆ ಎಲ್ಲಾ ಹೊರಗೆ ಕಾಣ್ತಿದೆ” ಅಂದರು.

ಎಡತೋಳಕ್ಕ ಅವರ ಅಂಗಿಯ ಎಡತೋಳನ್ನು ಒಂದು ಸಲ ನೋಡಿದಳು. ಬಲತೋಳಿನವಳು ಬಲಗಡೆಯದನ್ನು ನೋಡಿದಳು. ಮಗು ಏಳದ ಹಾಗೆ, ಸಣ್ಣ ದನಿಯಲ್ಲಿ, ಎಡತೋಳಕ್ಕ ಅಂದಳು: “ಗೊತ್ತು ಸ್ವಾಮಿ. ಹೊಲಿಗೆ ನೋಡೋರ ಕಣ್ಣಿಗೆ ಚುಚ್ಚಿದ್ರೆ ಚುಚ್ಚಲಿ. ಮಗೂಗೆ ಚುಚ್ಚಬಾರ್ದು.”