ಅತ್ತೆ ನೆಟ್ಟ ಲಾವಂಚ

ಹಳ್ಳದ ದಂಡೆಯಿಂದ ನಮ್ಮ ಅತ್ತೆ ನೇತಾಡುತ್ತಿದ್ದರು. ಎರಡೂ ಕೈಯಲ್ಲಿ ತಾವೇ ನೆಟ್ಟು ಬೆಳೆಸಿದ ಲಾವಂಚದ ಒಂದೊಂದು ಹಿಡಿ, ಕೆಳಗೆ ಕೆಂಪು ನೀರು, ನಡುವೆ ಗಾಳಿಯಲ್ಲಿ ಅವರ ಪಾದ. ನಾನು ಕಿರುಚಿಕೊಂಡೆ. ಅರವತ್ತು ದಾಟಿದ್ದ ಆ ಹೆಂಗಸು ತಲೆಯೆತ್ತಿ ನಕ್ಕರು.

"ಯಾಕವ್ವಾ ಅರಚ್ಕೋತೀಯ? ಬುಡ ಗಟ್ಟಿಯಾಗಿ ಅದಾ ಅಂತ ನೋಡ್ತಾವ್ನಿ ಕಣ."

ಕಾಲ್ಬೆರಳು ಊರಿ ತಾವೇ ಮೇಲೆ ಹತ್ತಿ ಬಂದರು. ಹುಲ್ಲಿನ ಗರಿ ಅಂಗೈ ಮೇಲೆ ಸಣ್ಣ ಕೆಂಪು ಗೆರೆಗಳನ್ನು ಎಳೆದಿತ್ತು. ಒಂದು ಗರಿಯೂ ಕಿತ್ತು ಬಂದಿರಲಿಲ್ಲ.

ಗಾವಡಗೆರೆ ಕಡೆಯ ನಮ್ಮ ಹೊಲದ ಅಂಚಿಗೇ ಆ ಹಳ್ಳ ಹರಿಯುತ್ತದೆ. ಮಾವನವರ ಸಮಾಧಿಯೂ ಅಲ್ಲೇ. ನಮ್ಮಲ್ಲಿ ಹೆಂಡತಿಯನ್ನು ಗಂಡನ ಎಡಕ್ಕೆ ಮಣ್ಣು ಮಾಡುವುದು ರೂಢಿ. ಲಾವಂಚ ಬರುವುದಕ್ಕೂ ಮೊದಲು, ಮಾವ ತೀರಿಕೊಂಡಾಗ, ಎಡಗಡೆ ಬೇಕಾದಷ್ಟು ಜಾಗವಿತ್ತು. ಮುಂದಿನ ಮಳೆಗಾಲಗಳಲ್ಲಿ ಹಳ್ಳ ಅದನ್ನು ಕೊರೆಯುತ್ತಾ ಬಂದು, ಸಮಾಧಿ ಕಲ್ಲಿಗೆ ಒಂದು ಮೊಳ ಉಳಿಸಿ ನಿಂತಿತು.

"ಬಲಕ್ಕೆ ಜಾಗ ಅದೆ ಬುಡವ್ವ," ಎಂದು ನಮ್ಮ ಯಜಮಾನರು ಸಮಾಧಾನ ಹೇಳಿದರು.

"ಬದುಕಿದ್ದಾಗೆಲ್ಲ ಎಡಕ್ಕೆ ಮಲಗಿದೋಳು ಕಣ್ಲಾ. ಈಗ ಮಗ್ಗಲು ಬದಲಾಯಿಸಿದ್ರೆ ನಿಮ್ಮಪ್ಪ ಇನ್ಯಾರೋ ಬಂದವ್ರೆ ಅಂತ ಎದ್ದು ಕೂತ್ಕತ್ತದೆ!"

ಮರುದಿನವೇ ನನ್ನನ್ನೂ ಎಳೆದುಕೊಂಡು ತವರಿಗೆ ಹೊರಟರು. ಹೆಗ್ಗಡದೇವನಕೋಟೆಯಾಚೆ ಅವರ ತವರಿನ ತೊರೆಯ ಜೌಗಿನಲ್ಲಿ ಮಣ್ಣು ಹಿಡಿದಿಡುವ ಲಾವಂಚ ಯಾರೂ ನೆಡದೆ ಆಳೆತ್ತರ ಬೆಳೆಯುತ್ತದೆ. ಗೋಣಿಚೀಲದ ತುಂಬ ಬುಡ ತುಂಬಿಕೊಂಡು ಬಸ್ ಹತ್ತಿದೆವು.

"ಅಜ್ಜಿ, ಹುಲ್ಲಿಗೂ ಟಿಕೆಟ್ ಆಯ್ತದೆ," ಎಂದ ಕಂಡಕ್ಟರ್.

"ಕಿಟಕಿ ಪಕ್ಕ ಸೀಟ್ ಕೊಡು, ತಗೋತೀನಿ."

ಇಡೀ ಬಸ್ಸು ನಕ್ಕಿತು. ಅತ್ತೆ ಮಾತ್ರ ದಾರಿಯುದ್ದಕ್ಕೂ ಚೀಲದ ಬಾಯಿಗೆ ನೀರು ಚಿಮುಕಿಸುತ್ತಾ ಕೂತರು.

ಬುಡ ಸೀಳಿ, ಗರಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಮುಂಗಾರಿನ ಹದಕ್ಕೆ ನಮ್ಮ ಹಳ್ಳದ ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದರು. ಸಸಿಗಳ ನಡುವೆ ಮುಷ್ಟಿ ತೂರಿಸಿ ನೋಡುವರು. ತೂರಿದರೆ ಅಲ್ಲಿಗೆ ಇನ್ನೊಂದು ಸಸಿ. "ಸಂದೀಲಿ ಹಳ್ಳ ಇಣುಕ್ಬಾರ್ದು ಕಣವ್ವ."

ಮೇಲಿಂದ ನೋಡಿದರೆ ಬರೀ ಒರಟು ಹುಲ್ಲು. ಬಲಿತ ಮೇಲೆ ಹಸುವೂ ಮೂಸಿ ಮುಂದಕ್ಕೆ ಹೋಗುತ್ತಿತ್ತು. ಅದರ ಸೊಗಸೆಲ್ಲ ಬೇರಿನಲ್ಲಿ. ಬೇಸಿಗೆಯಲ್ಲಿ ಪಕ್ಕದ ಹೊಲದಾಕೆ ಕುಡಿಯುವ ನೀರಿನ ಮಡಕೆಗೆ ಹಾಕಲು ಒಂದಿಷ್ಟು ಬೇರು ಕೇಳಿದಳು. ಅತ್ತೆ ಕುಡುಗೋಲು ಮುಂದೆ ಹಿಡಿದರು. "ಬೇಕಾದ್ರೆ ಹುಲ್ಲಿನ ತಲೆ ಬೋಳುಸ್ಕೊಂಡೋಗು. ಕಾಲು ಮುಟ್ಟಿದ್ಯೋ, ನೋಡು!"

ಆಮೇಲೊಂದು ಮಳೆಗಾಲ ಹಳ್ಳ ಉಕ್ಕಿ ಬಂತು. ಸಾಲುಗಳೆಲ್ಲ ಮುಳುಗಿದವು. ನಾವು ಹೊಲದಲ್ಲಿ ನಿಂತು ನೋಡುತ್ತಿದ್ದೆವು. ನೀರು ಇಳಿದಾಗ ಹುಲ್ಲು ಬಾಚಿದ ಕೂದಲಿನಂತೆ ಮಲಗಿತ್ತು, ಬೇರು ಮಾತ್ರ ಕದಲಿರಲಿಲ್ಲ. ಸಾಲಿನ ಹಿಂದೆ ದೋಸೆ ಹಿಟ್ಟಿನಷ್ಟು ನುಣ್ಣನೆಯ ಮೆಕ್ಕಲು ಮಣ್ಣು ಕೂತಿತ್ತು. ಅತ್ತೆ ಅದರ ಮೇಲೆ ಒಂದು ಕಾಲಿಟ್ಟು, ಮೂಡಿದ ಹೆಜ್ಜೆಯನ್ನು ಬಹಳ ಹೊತ್ತು ನೋಡಿದರು.

"ಹಳ್ಳ ತಿಂದಿದ್ನ ಕಕ್ತಾ ಅದೆ ಕಣವ್ವ," ಎಂದರು, ಪಿಸುದನಿಯಲ್ಲಿ.

ಆ ಮೆಕ್ಕಲಿನ ಅಂಚಿಗೆ ಮತ್ತೊಂದು ಸಾಲು ನೆಟ್ಟರು. ಮರುವರ್ಷ ಅದರಾಚೆ ಇನ್ನೊಂದು. ಪ್ರತಿ ಮಳೆಗಾಲಕ್ಕೂ ಹಳ್ಳ ಒಂದಿಷ್ಟು ಮಣ್ಣು ತಂದಿಟ್ಟು ಒಂದಿಷ್ಟು ದೂರ ಸರಿಯುತ್ತಿತ್ತು. ನೆಲ ಹುಟ್ಟುವುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ.

ಹೋದ ಮಾಗಿಯಲ್ಲಿ ಅತ್ತೆ ತೀರಿಕೊಂಡರು. ಎಲ್ಲಿ ತೋಡಬೇಕೆಂದು ಊರಿನವರು ಕೇಳಿದಾಗ ಯಜಮಾನರು ಸಮಾಧಿಯ ಎಡಕ್ಕೆ ಕೈ ತೋರಿಸಿದರು. ಮಾವ ಮಲಗಿದ್ದ ನೆಲಕ್ಕಿಂತ ಅದು ಗೇಣಷ್ಟು ತಗ್ಗು, ಅಷ್ಟೇ. ಹಾರೆ ಬೇರಿಗೆ ಸಿಕ್ಕಿಹಾಕಿಕೊಂಡು ಮಚ್ಚು ತರಿಸಬೇಕಾಯಿತು. ಗುಂಡಿಯ ಗೋಡೆಯಲ್ಲಿ ಮರಳೊಂದು ಪದರ, ಕಪ್ಪು ಮಣ್ಣೊಂದು ಪದರ, ಒಂದೊಂದು ಮಳೆಗಾಲವೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಎಲ್ಲವನ್ನೂ ಮೇಲಿಂದ ತಳದವರೆಗೆ ತೆಳ್ಳನೆಯ ಬೇರುಗಳು ಹೊಲಿದಿದ್ದವು. ಕಡಿದ ಬೇರಿನ ಪರಿಮಳಕ್ಕೆ ಅಳುತ್ತಿದ್ದವರೂ ಮೂಗರಳಿಸಿ ಗುಂಡಿಯತ್ತ ತಿರುಗಿದರು.

ಯಜಮಾನರು ಗುಂಡಿಯೊಳಗೆ ಇಳಿದು, ಮೇಲಿನಿಂದ ಇಳಿಸಿದ ಅವ್ವನನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿಸಿದರು. ಸೆರಗು ಸರಿಮಾಡುತ್ತಾ ಕಿವಿಯ ಬಳಿ ಬಗ್ಗಿದರು.

"ಎಡಕ್ಕೇ ಮಡಗಿವ್ನಿ ಕಣವ್ವ."